ಫಾ ಮತ್ತು ಫಾ ದಿಯೇಜ್ ನಡುವೆ

ಸ್ಟೇಷನ್ನಿನ ಸುರಂಗದಾರಿಯಲ್ಲಿ ನನ್ನ ಅಂಗಡಿ,
ಎರಡು ಮೇಜಿನ ಅಗಲ. ಪಕ್ಕಕ್ಕೆ ಕಾಲುಚೀಲ ಮಾರುವ ಲಮಾರಾ,
ಎದುರಿಗೆ ಕೀಲಿಕೈ ಅರೆಯುವವನು.
ಟಿಬಿಲಿಸಿಯ ಜನವರಿ ಮೆಟ್ಟಿಲಿಳಿದು ಬಂದು
ನಮ್ಮ ಪಾದದ ಹತ್ತಿರ ಮಲಗುತ್ತದೆ,
ಒದ್ದರೂ ಏಳುವುದಿಲ್ಲ.

ಅಂಬ್ರೋಸಿ ಬಂದದ್ದು ಅಂಗಡಿ ಮುಚ್ಚುವ ಹೊತ್ತಿಗೆ,
ಉಣ್ಣೆಯ ಶಾಲಿನಲ್ಲಿ ಲ್ಯಾಪ್‌ಟಾಪ್ ಸುತ್ತಿಕೊಂಡು,
ಈಗಷ್ಟೇ ಒಲೆಯಿಂದ ತೆಗೆದ ರೊಟ್ಟಿಯಂತೆ ಎದೆಗೊತ್ತಿ.
"ಕಪ್ಪು ಪರದೆ, ಬಿಳಿ ಅಕ್ಷರ. ಏನೋ ಇಲ್ಲ ಅನ್ನುತ್ತದೆ."

ಎಫ್‌-ಟು ಒತ್ತಿ ಒಳಕೋಣೆಗೆ ಹೋದೆ.
ಗಡಿಯಾರ ಸರಿ, ಮೆಮೊರಿ ಸರಿ, ಫ್ಯಾನೂ ಸರಿ.
ಹಾರ್ಡ್ ಡಿಸ್ಕಿನ ಹೆಸರಿರಬೇಕಾದಲ್ಲಿ
ಒಂದು ಅಡ್ಡಗೆರೆ.

ಸೆಟ್ಟಿಂಗು ಬದಲಿಸಿದೆ. ಬ್ಯಾಟರಿ ಕಿತ್ತು ಅರವತ್ತು ಎಣಿಸಿದೆ.
ಪೆನ್‌ಡ್ರೈವಿನಿಂದ ಬೇರೆ ಸಿಸ್ಟಮ್ಮನ್ನು ಎಬ್ಬಿಸಿ ಒಳಗೆ ಕಳಿಸಿದೆ;
ಅದೂ ಮೂಲೆಮೂಲೆ ನೋಡಿ ಬಂದು
ಇಲ್ಲಿ ನಾನೊಬ್ಬನೇ ಎಂದಿತು.
"ಡಿಸ್ಕ್ ಸತ್ತಿರಬೇಕು, ಬಾತೋನೊ," ಎಂದೆ,
ದಿನಕ್ಕೆರಡು ಸಲ ಹೇಳಿ ಸವೆದ ದನಿಯಲ್ಲಿ.

"ಆ ಟ್ಯೂಬ್‌ಲೈಟ್ ಆರಿಸು."
ಆರಿಸಿದೆ. ಲಮಾರಾ ಬೈದಳು.
ಅವರು ಬಾಗಿದರು. ನನ್ನ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ
ತುದಿಯನ್ನು ಯಂತ್ರದ ಎಡಮೂಲೆಗೆ ಊರಿ
ಉಸಿರು ಹಿಡಿದರು.
(ಕಿವಿ ಅರ್ಧ ಹೋಗಿದೆಯಂತೆ. ಹಲ್ಲು ಇನ್ನೂ ಕೇಳುತ್ತದಂತೆ.
ನಲವತ್ತೆರಡು ವರ್ಷ ಪಿಯಾನೊಗಳಿಗೆ ಶ್ರುತಿ ಕೂರಿಸಿದ ಹಲ್ಲು.)

"ತಿರುಗುತ್ತಿದೆ," ಎಂದರು.
"ಫಾ ಅಲ್ಲ. ಫಾ ದಿಯೇಜೂ ಅಲ್ಲ.
ಎರಡು ಮನೆಗಳ ನಡುವಿನ ಗೋಡೆಯೊಳಗೆ ನಿಂತುಬಿಟ್ಟಿದೆ.
ಯಾರು ಇದನ್ನು ಅಲ್ಲಿ ನಿಲ್ಲಿಸಿದವರು? ನಾಚಿಕೆಗೆಟ್ಟವರು!"

ನಿಮಿಷಕ್ಕೆ ಐದು ಸಾವಿರದ ನಾನೂರು ಸುತ್ತು.
ಕತ್ತಲಲ್ಲೇ ಅರವತ್ತರಿಂದ ಭಾಗಿಸಿದೆ: ತೊಂಬತ್ತು.
ಹದಿನಾಲ್ಕು ವರ್ಷದ ಕೆಲಸ ನನ್ನದು,
ಡಿಸ್ಕಿಗೂ ಒಂದು ಸ್ವರವಿದೆಯೆಂದು
ಒಂದು ಕೈಪಿಡಿಯಾದರೂ ಹೇಳಬಾರದಿತ್ತೆ?

ಟಾರ್ಚು ಹಿಡಿದು ಹನ್ನೊಂದು ಸ್ಕ್ರೂ ಬಿಚ್ಚಿದೆ.
ಒಂದರ ತಲೆ ಸವೆದಿತ್ತು, ಅದಕ್ಕೇ ಕಾಲು ಗಂಟೆ.
ಬೆರಳಗಲದ ರಿಬ್ಬನ್ ಕೇಬಲ್; ಮಡಿಕೆಯಲ್ಲಿ
ಕೂದಲೆಳೆಯಷ್ಟು ಬಿರುಕು.
ಕರೆಂಟು ದಾಟುತ್ತಿದೆ, ಮಾತು ದಾಟುತ್ತಿಲ್ಲ.
ಮೇಷ್ಟ್ರು ಹಾಜರಿ ಕೂಗುತ್ತಲೇ ಇದ್ದಾರೆ,
ಹುಡುಗ ಬೆಂಚಿನಲ್ಲೇ ಕೂತು ಬಾಯಿ ತೆರೆದು
ಇದ್ದೇನೆ ಇದ್ದೇನೆ ಅನ್ನುತ್ತಿದ್ದಾನೆ.

ಬಿಯರ್ ಕುಡಿದು ಸತ್ತ ಇನ್ಯಾವುದೋ ಲ್ಯಾಪ್‌ಟಾಪಿನಿಂದ
ಕೇಬಲ್ ಕಿತ್ತು ಹಾಕಿದೆ. ಎಫ್‌-ಟು.
ಅಡ್ಡಗೆರೆ ಹೋಗಿ ಉದ್ದದ್ದೊಂದು ನಂಬರು ಬಂತು.
ಅಂಬ್ರೋಸಿ ಅದನ್ನು ಪೂರ್ತಿ, ಜೋರಾಗಿ ಓದಿದರು.

ಫೋಟೊ ಇರಬಹುದೆಂದುಕೊಂಡಿದ್ದೆ, ಪತ್ರ ಇರಬಹುದೆಂದು.
ಇದ್ದದ್ದು ಒಂದೇ ಪಟ್ಟಿ. ಬೀದಿ, ಮಹಡಿ, ಪಿಯಾನೊ:
ವೇರಾ, ಮೂರನೇ ಮಹಡಿ. ಲಾ ತಂತಿಗೆ ತುಕ್ಕು.
ನಾಖಾಲೊವ್ಕಾ. ಪೆಡಲಿನಡಿ ಇಲಿಗೂಡು, ಮರಿಗಳಿವೆ, ಮುಂದಿನ ತಿಂಗಳು ಬರುವುದು.
ಚುಗುರೇತಿ. ಮಾರಿದರು.
ಸೊಲೊಲಾಕಿ. ತೊಂಬತ್ಮೂರರ ಚಳಿಗೆ ಸೌದೆ.
ಮಾರಿದರು. ಮಾರಿದರು. ಬಾಗಿಲು ತೆರೆಯಲಿಲ್ಲ.

ಕೊನೆಯ ಸಾಲಿನ ಕೆಳಗೆ
ಒಂಟಿ ಬೆರಳಿನಲ್ಲಿ ಕುಟ್ಟತೊಡಗಿದರು. ನಾನು ಅಕ್ಷರ ತೋರಿಸಿಕೊಟ್ಟೆ:
ಸ್ಟೇಷನ್ ಸುರಂಗ, ನಾಲ್ಕನೇ ಅಂಗಡಿ.
ಫಾ ಮತ್ತು ಫಾ ದಿಯೇಜ್ ನಡುವೆ.
ಶ್ರುತಿಗೆ ಬರುವುದಿಲ್ಲ. ಹಾಗೇ ಬಿಟ್ಟಿದೆ.

ಹತ್ತು ಲಾರಿ ಕೇಳಿದೆ. ಎಂಟಕ್ಕೆ ಇಳಿಸಿದರು,
ಕೇಬಲ್ ಹಳೆಯದಲ್ಲವೆ ಎಂದು.
ಲಮಾರಾ ಮತ್ತೆ ಕೂಗಿದಳು. ಲೈಟು ಹಾಕಿದೆ.

ಗುಂಯ್ ಅಂದಿತು.
ಇಷ್ಟು ವರ್ಷ ಅದು ಸುಮ್ಮನಿತ್ತು ಎಂದುಕೊಂಡಿದ್ದೆ.