ಒಂದೇ ಗೋಡೆಯ ಕುಪ್ಪಿ

ಹನ್ನೆರಡು ಕುಪ್ಪಿ, ಲೋಹದವು, ತಲಾ ಒಂದು ಲೀಟರು:
ಊರ ಸಭೆ ಕೊಟ್ಟ ಚೀಟಿಯಲ್ಲಿ ಇಷ್ಟೇ.
ಉಳಿದದ್ದು ನನ್ನ ಮೂಗಿಗೆ, ನನ್ನ ಬೆರಳ ಗೆಣ್ಣಿಗೆ ಬಿಟ್ಟದ್ದು.
ಆಪತ್ತಿನ ಉಗ್ರಾಣದ ಬೀಗದ ಕೈ ನನ್ನ ಸೆರಗಿನಲ್ಲಿದೆಯಲ್ಲ.

ಖೊರೋಗಿನ ಬಜಾರು. ನಿಯೋಝ್‌ಶೋನ ತಗಡಿನಂಗಡಿ.
ಕೊಡಲಿ, ಕುದುರೆ ಲಾಳ, ಗ್ಯಾಸಿನ ಪುಟ್ಟ ಒಲೆ,
ಪಾಮಿರ್ ನಡೆದು ದಣಿದ ಪರದೇಶಿಗಳು
ಅರ್ಧ ಬೆಲೆಗೆ ಬಿಟ್ಟುಹೋದ ಡೇರೆ.

ಮೊದಲು ಅವನು ತೋರಿಸಿದ್ದು ಎರಡು ಗೋಡೆಯದು.
ನೀಲಿ ಮೈ, ಮೇಲೊಂದು ಹಿಮಚಿರತೆ.
"ಬೆಳಿಗ್ಗೆ ಹೊಯ್ದ ಚಹಾ ಸಂಜೆಗೂ ನಾಲಿಗೆ ಸುಡುತ್ತೆ."
ಬೆಂಕಿಯ ಮೇಲಿಟ್ಟರೆ? ಅಂದೆ.
ನಕ್ಕ. "ಬೆಂಕಿಯ ಮೇಲೆ ಯಾಕಿಡ್ತೀರಿ, ದವ್ಲತ್‌ಮೋ?"

ಯಾಕೆಂದರೆ
ಹೋದ ಬೇಸಿಗೆ ಬೆಟ್ಟ ಕೆಸರಾಗಿ ಇಳಿದ ರಾತ್ರಿ
ನಮಗೆ ನೀರಿನ ಬರವಿರಲಿಲ್ಲ.
ಹೊಸ್ತಿಲ ತನಕ ನೀರು. ತೊಟ್ಟಿಲ ತನಕ ನೀರು.
ಶಾಲೆಯ ಕರಿಹಲಗೆಯ ಮೇಲೆ
ಎದೆಮಟ್ಟಕ್ಕೆ ಒಂದು ಗೆರೆ ಎಳೆದುಹೋದ ನೀರು.
ಬೊಗಸೆಯಲ್ಲಿ ಹಿಡಿದರೆ ಸಿಮೆಂಟಿನ ಬಣ್ಣ,
ಸತ್ತ ಕುರಿಯ ವಾಸನೆ.
ರಸ್ತೆ ಎರಡೂ ಕಡೆ ಕಡಿದು ಆರು ದಿನ.
ಪ್ಲಾಸ್ಟಿಕ್ ಬಾಟಲಿ ಬೇಕಾದಷ್ಟಿದ್ದವು,
ಸುಡಲು ಮುರಿದ ಏಪ್ರಿಕಾಟ್ ಮರಗಳೂ ಇದ್ದವು.
ಕಾಯಿಸುವುದು ಯಾವುದರಲ್ಲಿ?
ಪಾತ್ರೆಗಳು ಒಲೆಯ ಮೇಲೆ, ಒಲೆಗಳು ಮನೆಯೊಳಗೆ,
ಮನೆಗಳು ಕೆಸರಿನೊಳಗೆ.

ಇಷ್ಟನ್ನೂ ಅವನಿಗೆ ಹೇಳಲಿಲ್ಲ.
ಎರಡು ಗೋಡೆಯ ನಡುವೆ ಕೂಡಿಹಾಕಿದ್ದು
ಬೆಂಕಿ ಕಂಡರೆ ಉಬ್ಬಿ ಸಿಡಿಯುತ್ತೆ, ಅಷ್ಟೇ ಅಂದೆ.
ಹಿಮಚಿರತೆ ಕಪಾಟಿಗೆ ಮರಳಿತು.

ಆಮೇಲೆ ಅಲ್ಯೂಮಿನಿಯಂ. ಹಕ್ಕಿಯ ಮೂಳೆಯಷ್ಟು ಹಗುರ.
ಚಿಕ್ಕಪ್ಪ ಸೈನ್ಯದಿಂದ ಇಂಥದ್ದೇ ತಂದಿದ್ದ,
ಹಸಿರು ಅಂಗಿ ತೊಡಿಸಿದ್ದು;
ಹುಳಿ ಮಜ್ಜಿಗೆ ತುಂಬಿಟ್ಟು ನಾನು ಬೈಸಿಕೊಂಡದ್ದು.
ಮುಚ್ಚಳ ತೆಗೆದು ಮೂಗಿಟ್ಟೆ.
ಹೊಸದಾಗಿ ಬಣ್ಣ ಬಳಿದ ಆಸ್ಪತ್ರೆ.
ಒಳಗೊಂದು ಲೇಪ. ಬೆಂಕಿಯಲ್ಲಿ ಅದೆಲ್ಲಿ ಹೋಗುತ್ತದೆ?
ನೀರಿಗೆ. ನೀರೆಲ್ಲಿ ಹೋಗುತ್ತದೆ?
ಬೇಡ.

ಕೊನೆಗೆ ಗೋಣಿಯಿಂದ ಒಂದು ಬೋಳು ಉಕ್ಕು.
ಬಣ್ಣವಿಲ್ಲ, ಚಿತ್ರವಿಲ್ಲ, ಒಂದೇ ಗೋಡೆ.
ಗೆಣ್ಣಿನಿಂದ ಬಡಿದೆ: ಟಣ್.
ಸುಳ್ಳು ಹೇಳಲು ಜಾಗವಿಲ್ಲದ ಸದ್ದು.
ಬಾಯಿ ಅಗಲ, ನಾಲ್ಕು ಬೆರಳು ಹೋಗುತ್ತವೆ;
ಹಿಮ ತುರುಕಬಹುದು, ತಳ ಉಜ್ಜಬಹುದು.
ಕೊರಳಿಗೊಂದು ಅಂಚು, ತಂತಿ ಬಿಗಿದು ತೂಗಹಾಕಲು.

"ಚಹಾ ಬೇಗ ಆರುತ್ತೆ," ಅಂದ. "ಕೈಯೂ ಸುಡುತ್ತೆ."
ಸುಡಲಿ. ಒಳಗೇನಿದೆ ಅಂತ ಕೈಗೆ ಗೊತ್ತಾಗಲಿ.

ಅವನಿಗೆ ಛಲ ಹುಟ್ಟಿತು.
ಹುಡುಗನನ್ನು ಗುಂಟ್ ನದಿಗೆ ಓಡಿಸಿ ತುಂಬಿಸಿ ತಂದು
ಅಂಗಡಿಯ ಹಿಂದೆ ಮೂರು ಕಲ್ಲಿನ ನಡುವೆ ಇಟ್ಟ.
ಮುಚ್ಚಳ ತೆಗಿ, ಮುಚ್ಚಳ ತೆಗಿ! ನಾನು ಕೂಗಿದೆ.
(ಊರ ಹುಡುಗರಿಗೂ ಇದನ್ನು ಮೂರು ಸಲ ಹೇಳಬೇಕು.)
ಕೂತೆವು. ಅವನು ಮಗಳ ಮದುವೆಯ ಖರ್ಚು ಹೇಳಿದ,
ನಾನು ಕೇಳಿದೆ, ಕೇಳಲಿಲ್ಲ;
ಕಿವಿ ಇದ್ದದ್ದು ತಳದ ಸಣ್ಣ ಗುಳುಗುಳುವಿನಲ್ಲಿ.
ಕುದಿ ಬಂತು. ಒಂದು ಚಿಟಿಕೆ ಚಹಾಪುಡಿ, ಉಪ್ಪು.
ಪಿಂಗಾಣಿ ಬಟ್ಟಲಿನಲ್ಲಿ ಇಬ್ಬರೂ ಕುಡಿದೆವು.

ಕುಪ್ಪಿಯ ತಳ ಕಪ್ಪಾಗಿತ್ತು, ಅಂಚಿನಲ್ಲಿ ನವಿಲಿನ ನೀಲಿ.
"ಇನ್ನಿದನ್ನು ಯಾರು ಕೊಳ್ತಾರೆ?" ಅಂದ.
ಅದನ್ನೇ ಮೊದಲು ಲೆಕ್ಕಕ್ಕೆ ಹಿಡಿ ಅಂದೆ.
ನೂರು ಸೊಮೊನಿ ಚೌಕಾಸಿಯಲ್ಲಿ ಇಳಿಯಿತು, ಎಪ್ಪತ್ತು ಕೈಯಿಂದ ಬಿತ್ತು.

ವ್ಯಾನಿನಲ್ಲಿ ತಿರುವಿಗೊಮ್ಮೆ ಗೋಣಿ ಸದ್ದು ಮಾಡಿತು.
"ಏನಕ್ಕಾ, ಗಂಟೆಗಳಾ?" ಚಾಲಕ ಕೇಳಿದ.
ಹೌದು ಅಂದೆ. ವಿವರಿಸಲು ದಾರಿ ಸಾಲದು.

ಉಗ್ರಾಣದಲ್ಲಿ ಅವನ್ನು ಖಾಲಿಯೇ ಇಟ್ಟಿದ್ದೇನೆ.
ತುಂಬಿಟ್ಟರೆ ಜನವರಿಯ ಹೆಪ್ಪು ಉಕ್ಕನ್ನೂ ಸೀಳುತ್ತದೆ.
ಮುಚ್ಚಳಗಳು ಬೇರೆ ಚೀಲದಲ್ಲಿ.
ಹನ್ನೊಂದು ಹೊಳೆಯುವ ಬಾಯಿ ಹಲಗೆಯ ಮೇಲೆ,
ತಳ ಕರಿಯಾದದ್ದು ಬಾಗಿಲ ಪಕ್ಕದ ಮೊಳೆಗೆ,
ಕತ್ತಲಲ್ಲಿ ತಡಕಿದರೆ
ಮೊದಲು ಕೈಗೆ ಸಿಗುವಷ್ಟು ಎತ್ತರದಲ್ಲಿ.