ಹಾಲಿನ ವ್ಯಾನು ದಾಟುವ ತನಕ

ನಂದಿಬೆಟ್ಟದ ರಸ್ತೆಗೆ ಎಷ್ಟು ತಿರುವು ಅಂತ
ಬೇರೆ ಯಾರನ್ನೂ ಕೇಳಬೇಡಿ, ನನ್ನನ್ನು ಕೇಳಿ.
ಸುಣ್ಣದ ಡಬ್ಬಿ ಹಿಡಿದು ಒಂದೊಂದರ ಕಲ್ಲಿಗೂ ನಂಬರು ಬರೆದವನು ನಾನು,
ಕ್ರೀಡಾ ಇಲಾಖೆಯ ದ್ವಿತೀಯ ದರ್ಜೆ ಗುಮಾಸ್ತ,
ಮುನಿಲಕ್ಷ್ಮಿ ಮೇಡಂ ಹಿಂದೆ ನೋಟ್‌ಬುಕ್ ಹೊತ್ತು ತಿರುಗಿದವನು.

ಹನ್ನೊಂದು ದೇಶದ ಸೈಕಲ್ಲುಗಳು ಬರುತ್ತವೆ ಅಂತ
ಚಿಕ್ಕಬಳ್ಳಾಪುರಕ್ಕೆ ಕಾಗದ ಬಂದದ್ದು ಆಷಾಢದಲ್ಲಿ.
ಅವತ್ತಿನಿಂದ ಅವರು ಆ ರಸ್ತೆಯನ್ನು
ಮೊರದ ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ನೋಡಿದರು.
ಇಲ್ಲೊಂದು ಹಂಪು. ಅಲ್ಲೊಂದು ಬಾಯ್ತೆರೆದ ಮೋರಿ.
ಹದಿನೇಳನೇ ತಿರುವಲ್ಲಿ ಜಲ್ಲಿ,
ಇಪ್ಪತ್ತೆರಡರಲ್ಲಿ ಕೋತಿಗಳ ತುಂಬು ಸಂಸಾರ.
"ಕೋತಿಗೂ ಒಬ್ಬನನ್ನ ಬರ್ಕೊಳ್ರೀ" ಅಂದರು.
ಬರೆದೆ:
ಗಂಗರಾಜು, ಸೀಟಿ ಒಂದು, ಕಡಲೆಕಾಯಿ ಎರಡು ಸೇರು.

ಸಭೆಗಳು ನಡೆದವು. ಬಾದಾಮಿ ಹಾಲು ಬಂತು.
ವೇದಿಕೆ ಪೂರ್ವಕ್ಕೋ ಉತ್ತರಕ್ಕೋ,
ಆಮಂತ್ರಣದಲ್ಲಿ ಯಾರ ಹೆಸರ ಕೆಳಗೆ ಯಾರ ಹೆಸರು,
ಪೇಟ ಮೈಸೂರಿನದೇ ಆಗಬೇಕೋ,
ಒಂದೂವರೆ ಗಂಟೆ.
ಕೊನೆಗೆ ಮೇಡಂ ಎದ್ದು ನಿಂತು ಕೇಳಿದರು:
"ಬಿದ್ದವನನ್ನ ಎತ್ತೋರು ಯಾರು?"
ಆಗ ಫ್ಯಾನಿನ ಸದ್ದು ಮೊದಲ ಸಲ ನನಗೆ ಕೇಳಿಸಿತು.

ಸುಲ್ತಾನಪೇಟೆಯ ಡೇರಿ. ಸಂಜೆಯ ಹಾಲಿನ ಹೊತ್ತು.
ಕಾರ್ಯದರ್ಶಿ ಪಿಳ್ಳಪ್ಪ ಲ್ಯಾಕ್ಟೋಮೀಟರಿನಿಂದ ಕಣ್ಣು ತೆಗೆಯಲಿಲ್ಲ.
"ಐದೂವರೆಗೆ ರಸ್ತೆ ಮುಚ್ತೀರ. ಆರೂಕಾಲಿಗೆ ನಮ್ಮ ವ್ಯಾನು.
ಹನ್ನೊಂದ್ ದೇಶ ಬರ್ಲಿ ಮೇಡಮ್ಮಾ, ಸಂತೋಷ.
ನಮ್ ಹಸುಗಳಿಗೆ ಆ ಕಾಗದ ಓದಕ್ ಬರಲ್ಲ."
ಸಾಲಲ್ಲಿದ್ದ ಹೆಂಗಸರು ನಕ್ಕರು.
ಮೇಡಂ ನಗಲಿಲ್ಲ, ಮಾತೂ ಕೊಡಲಿಲ್ಲ,
ಬೋರಲು ಹಾಕಿದ್ದ ಕ್ಯಾನಿನ ಮೇಲೆ ಕೂತು
ಕೊನೆಯ ಚೊಂಬು ಅಳೆಯುವ ತನಕ ನೋಡಿದರು.
ನೂರಾ ನಲವತ್ತಮೂರು ಮನೆ. ನಾನು ಎಣಿಸಿದೆ,
ಅವರು ಎಣಿಸಲು ಹೇಳಿರಲಿಲ್ಲ.

ಹೊರದೇಶದ ರೆಫರಿ, ತೆಳ್ಳನೆಯ ಮನುಷ್ಯ,
ನಿಮಿಷವನ್ನು ಮಾಂಸದ ಅಂಗಡಿಯವನಂತೆ ಕತ್ತರಿಸುತ್ತಿದ್ದ.
ಹದಿನೈದು ನಿಮಿಷ ತಡ ಯಾಕೆ, ಎಂದ.
ಹಾಲಿಗಾಗಿ, ಎಂದರು.
ಅವನಿಗೆ ಭಾಷಾಂತರ ತಪ್ಪಾಯಿತು ಅನ್ನಿಸಿತು, ಮತ್ತೆ ಕೇಳಿದ.
ಮತ್ತೆ ಹಾಲು.
ಒಪ್ಪಿದ, ಆದರೆ ಷರತ್ತು ಹಾಕಿ:
ಆರೂ ಇಪ್ಪತ್ತೇಳಕ್ಕೆ ರಸ್ತೆ ಖಾಲಿ ಇರಬೇಕು,
ಇಪ್ಪತ್ತೆಂಟಾದರೆ ಪಂದ್ಯ ರದ್ದು, ಹೆಸರು ನಿಮ್ಮದು.

ಪುಷ್ಯದ ಬೆಳಗು. ಮಂಜು ಎಷ್ಟೆಂದರೆ
ನಾನು ಬರೆದ ನಂಬರು ನನಗೇ ಕಾಣದು.
ವೇದಿಕೆಯಲ್ಲಿ ಎಲ್ಲರೂ ಬಂದಾಗಿತ್ತು, ಶಾಲು ಹೊದ್ದು.
ಮುನಿಲಕ್ಷ್ಮಿ ಅಂತ ಚೀಟಿ ಅಂಟಿಸಿದ ಕುರ್ಚಿಯೊಂದು ಖಾಲಿ.
ಮೈಕಿನವನು ಎರಡು ಸಲ ಕರೆದ.
ನನ್ನ ವಾಕಿಟಾಕಿಯಲ್ಲಿ ಮಾತ್ರ ಕ್ಯಾನುಗಳ ಗಲಗಲ,
ಡ್ರೈವರ್ ಖಲಂದರನ ಕೆಮ್ಮು,
ಅವನ ಪಕ್ಕದ ಸೀಟಿನಿಂದ ಅವರ ದನಿ:
"ಹಂಪು ದಾಟಿತು... ಸೇತುವೆ ದಾಟಿತು... ಮೆಲ್ಲಗಪ್ಪಾ, ಚೆಲ್ಲುತ್ತೆ...
ಬಂದ್ವಿ. ಬಿಡ್ರೀ ಅವರನ್ನ."
ಆರೂ ಇಪ್ಪತ್ತಾರು.

ಪಂದ್ಯ ನೋಡಿದೆಯಾ ಅಂತ ಮನೆಯಲ್ಲಿ ಕೇಳಿದರು.
ಹದಿನೇಳನೇ ತಿರುವಲ್ಲಿ ನಿಂತು ಕೇಳಿದೆ, ಅಷ್ಟೆ.
ನಾಲ್ಕನೇ ಜ್ವರ ಎದ್ದ ಹುಳುಗಳು
ಕತ್ತಲ ಹುಳುಮನೆಯಲ್ಲಿ ಸೊಪ್ಪು ಮೇಯುವ ಸದ್ದು,
ಅದೇ, ಬೆಟ್ಟ ಹತ್ತುತ್ತಾ ಬಂತು,
ನೂರು ಟಯರು, ಒಂದೇ ಉಸಿರು,
ಮಂಜಿನೊಳಗಿಂದ ಬಂದು ಮಂಜಿನೊಳಗೇ ಹೋಯಿತು.
ಒಬ್ಬ ಹುಡುಗ ಬಿದ್ದ. ಜಲ್ಲಿ ಗುಡಿಸಿದ್ದರೂ ಬಿದ್ದ.
ನಾನು ಕೂಗುವ ಮೊದಲೇ ಇಬ್ಬರು ಅವನ ಕಂಕುಳಿಗೆ ಕೈ ಹಾಕಿದ್ದರು.
ಅವರ ಹೆಸರು ಭಾದ್ರಪದದಿಂದಲೇ ನನ್ನ ನೋಟ್‌ಬುಕ್ಕಿನಲ್ಲಿತ್ತು.

ಈಗ ಲೆಕ್ಕ ತನಿಖೆಯವರ ಕಾಗದ ಬಂದಿದೆ:
"ಕಡಲೆಕಾಯಿ ಎರಡು ಸೇರು.
ಯಾವ ದೇಶದ ಕ್ರೀಡಾಪಟುವಿಗೆ? ವಿವರಿಸುವುದು."
ಮೇಡಂ ಓದಿದರು, ಕನ್ನಡಕ ಒರೆಸಿಕೊಂಡರು.
"ಇಪ್ಪತ್ತೆರಡನೇ ತಿರುವಿನವರಿಗೆ,
ಹಾಗೇ ಬರೀರಿ" ಅಂದರು.