ಸರಾಸರಿ ಬಿಲ್ಲು

ಮೀಟರು ಓದೂದು ನನ್ನ ಕಸುಬು.
ಬೆಟಗೇರಿಯ ಓಣಿ ಓಣಿ, ತಿಂಗಳಿಗೊಮ್ಮೆ,
ಪಡಸಾಲಿ ಮೂಲ್ಯಾಗ, ಕೊಟ್ಟಿಗಿ ಕಂಬದ ಹಿಂದ,
ಮಗ್ಗದ ಮನಿ ಮಾಡದ ಬಾಜೂಕ
ಜ್ಯಾಡ ಸರಿಸಿ, ಬ್ಯಾಟರಿ ಹಿಡದು
ಅಂಕಿ ಬರಕೊಂಡು ಬರೂದು.
ಹನ್ನೊಂದು ವರ್ಷ ನಡಕೊಂತ ಓದೇನಿ.

ಅದಕ್ಕs ದಾವಲಸಾಬ ಕಾಕಾ
ಗಾಡಿ ಮ್ಯಾಲಿನ ಧೂಳಾ ವಲ್ಲಿಲೆ ಒರಸಿ
"ನೋಡವಾ ಶಿವಲೀಲಾ, ಬರೇ ನಲವತ್ತೊಂದು ಸಾವಿರ ಓಡೇತಿ" ಅಂದಾಗ
ಗಾಜಿನ ಮ್ಯಾಲೆ ಉಗುರಲೆ ಬಡದೆ.
"ಈ ಮುಳ್ಳು ನಿಂತು ಎಷ್ಟು ವರ್ಷ ಆತು?"
ಅವ ನಕ್ಕ.
"ಸುಳ್ಳು ಹೇಳೂ ಮನಶ್ಯಾ ಅಲ್ಲ ನಾನು. ಹೇಳಿ ನೋಡಿದೆ."

ನಿಂತ ಮೀಟರಿಗೆ ನಮ್ಮಲ್ಲಿ ಸರಾಸರಿ ಬಿಲ್ಲು.
ಅವನ ಕಟ್ಟಿ ಮ್ಯಾಲೆ ಕುಂತು ಲೆಕ್ಕಾ ಹಾಕಿದೆ:
ದಿನಕ್ಕ ಇಪ್ಪತ್ತೈದು ಕಿಲೋಮೀಟರು,
ಪಾವು, ಖಾರಿ, ಟೋಸ್ಟು ಹೊತ್ತು
ಕತ್ತಲಾಗ ಬೇಕರಿ ಬಿಟ್ಟ ಹನ್ನೆರಡು ವರ್ಷ.
ಕಾಮಾಲಿ ಆಗಿ ಮಲಗಿದ ಒಂದು ತಿಂಗಳು,
ಮಗಳ ಲಗ್ನದ ನಾಕು ದಿನಾ
ಕಳದ್ರೂ ಲಕ್ಷ ದಾಟತೈತಿ.
"ಲಕ್ಷ ಓಡಿದ್ದಕ್ಕ ಹದಿನೆಂಟು ಸಾವಿರ ಯಾವ ಊರ ರೇಟು?"
"ಲಕ್ಷ ಓಡಿದ್ರೂ ನಡುವ ನಿಂತಿಲ್ಲಲ್ಲವಾ. ಅದರ ರೇಟು."

ಫಕ್ಕೀರೇಶಿ ಬಂದ, ಗ್ಯಾರೇಜಿನಾವ.
ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿಕಿ ಕಿವಿಗೆ,
ಕಣ್ಣು ಮುಚ್ಚಿ ದಾಕ್ಟರಗತೆ ನಿಂತ.
"ಟ್ಯಾಪೆಟ್ ಸಪ್ಪಳಾ ಐತಿ, ಸಣ್ಣದು.
ಹೊಗಿ ಇಲ್ಲ. ಹಿಂದಿನ ಟಾಯರು ಬೋಳು."
ಆಮ್ಯಾಲೆ ದನಿ ಇಳಿಸಿ:
"ಸ್ಕೂಟಿ ತಗೋಬಾರದೇನಕ್ಕಾ? ಇದಕ್ಕ ಗೇರದಾವು."
ಗೇರು ನಾಕು.
ಮನ್ಯಾಗ ಏಳು ಮಂದಿ ಅದಾರ, ನಡಸಿಲ್ಲೇನು?

ಹದಿನಾಲ್ಕೂವರಿಗೆ ಮಾತು ಮುಗೀತು.
ಭಿಶಿ ಎತ್ತಿದ ರೊಕ್ಕ, ರಬ್ಬರ ಬ್ಯಾಂಡು ಸಮೇತ ಕೊಟ್ಟೆ.
ಎಣಿಸಿ, ಅದರಾಗಿನ ನೂರು ತಿರಿಗಿ ಕೊಟ್ಟ, "ಪೆಟ್ರೋಲಿಗೆ."
ಮುಂಜಾನಿ ಚೋಕ ಎಳಿ ಅಂದ,
ರಿಸರ್ವಿನಾಗ ಹತ್ತು ಕಿಲೋಮೀಟರಕ್ಕಿಂತ ನಂಬಬ್ಯಾಡ ಅಂದ,
ಎಡಕ್ಕ ಎಳೀತೈತಿ ಅಂದ.
ನಾಯಿ ಸುದ್ದಿ ಹೇಳಲಿಲ್ಲ.

ನಾಯಿ ನನಗ ಆಗಿ ಬರೂದಿಲ್ಲ.
ಎಡಗಾಲ ಮೀನಖಂಡದಾಗ ಎರಡು ಹಲ್ಲಿನ ಗುರುತು;
ಯಾರ ಮನಿ, ಎಷ್ಟನೇ ನಂಬರಿನ ಮೀಟರು, ಇವತ್ತಿಗೂ ನೆನಪೈತಿ.
ಮರುದಿನ ಏಳಕ್ಕ ನೇಕಾರರ ಓಣಿ ಹೊಕ್ಕರ
ಗಟಾರದ ದಂಡಿಯಿಂದೊಂದು, ಟ್ರ್ಯಾಕ್ಟರಿನ ಬುಡದಿಂದೆರಡು,
ಕುಂಟೊಂದು, ಹೊಟ್ಟಿಲಿದ್ದದ್ದೊಂದು,
ಬೊಗಳಲಿಲ್ಲ.
ಬಾಲಾ ಅಲ್ಲಾಡಿಸ್ಕೋತ ಬಂದು ಸುತ್ತಗಟ್ಟಿದ್ವು.
ಗಾಡಿ ನೋಡಿದ್ವು.
ನನ್ನ ಮಾರಿ ನೋಡಿದ್ವು.
ಮತ್ತ ಹಿಂದಿನ ಕ್ಯಾರಿಯರ ನೋಡಿದ್ವು,
ಅಲ್ಲಿ ಟ್ರೇ ತಿಕ್ಕಿ ತಿಕ್ಕಿ ಬಣ್ಣಾ ಹೋದ ಚೌಕ ಬರೇ ಖಾಲಿ.
ಕುಂಟ ನಾಯಿ ಮುಂದಿನ ಗಾಲಿ ಎದುರಿಗೆ ಕುಂತs ಬಿಡ್ತು.
ಹಾರ್ನ್ ಹೊಡದೆ. ಹಾರ್ನಿಗೆ ಇನ್ನೆರಡು ಓಡಿ ಬಂದ್ವು.

ಆರ್‌ಸಿ ಬುಕ್ಕಿನಾಗ ಇದೇನೂ ಬರದಿಲ್ಲ.
ಕೈ ನಡುಗಿದ್ದು ಖರೇ, ಆದ್ರೂ ಕಿಲ್ಲಿ ತೆಗದು
ಟೂಲ್ ಬಾಕ್ಸು ಬಿಚ್ಚಿದೆ:
ಪ್ಲಗ್ಗಿನ ಪಾನಾ, ಎಣ್ಣಿ ಅರಿವಿ,
ತಳದಾಗ ಒಂದು ಮುಷ್ಟಿ ಟೋಸ್ಟಿನ ಚೂರು.

ಈಗ ನಾನs ತುಂಬತೇನಿ. ವಾರಕ್ಕ ನಲವತ್ತು ರೂಪಾಯಿ,
ಯಾರಿಗೂ ಹೇಳಿಲ್ಲ, ಮನ್ಯಾಗಂತೂ ಇಲ್ಲs ಇಲ್ಲ.

ಹನ್ನೆರಡನೇ ತಾರೀಕಿಗೆ ದಾವಲಸಾಬನ ಓಣಿ ಪಾಳಿ.
ಬಾಗಲ ಮುಂದಾಗಿತ್ತು. ಗಾಡಿ ಬಂದ್ ಮಾಡಿ
ಅವನ ಮೀಟರಿಗೆ ಬ್ಯಾಟರಿ ಬಿಟ್ಟೆ: ನಲವತ್ತಮೂರು ಯೂನಿಟ್ಟು,
ಹ್ವಾದ ತಿಂಗಳಿಗಿಂತ ಹನ್ನೊಂದು ಹೆಚ್ಚು.
ಹಗಲೆಲ್ಲ ಮನ್ಯಾಗs ಇರತಾನಂತ ಕಾಣತೈತಿ, ಫ್ಯಾನ್ ಹಚ್ಚಿಕೊಂಡು.
ಬಿಲ್ಲು ಹರದು ಬಾಗಲ ಸಂದ್ಯಾಗ ಸಿಗಸಬೇಕು,
ಒಳಗಿಂದ ದನಿ ಬಂತು:
"ಚೈನು ಸಡಲಾಗೇತಿ, ನೋಡವಾ."